ಬಾಗಿಲಿಲ್ಲದ ಕಪಾಟು

ಅಪ್ಪಾ,

ನೀನು ಕೈಯಾರೆ ಮಾಡಿದ ಅಡುಗೆಮನೆ ಕಪಾಟಿನ ಬಾಗಿಲುಗಳನ್ನೆಲ್ಲ ಇವತ್ತು ಬಿಚ್ಚಿಸಿಬಿಟ್ಟೆ. ಬೈಯಬೇಡ. ಈ ಮರೆವಿನ ಕಾಯಿಲೆ ಅಂಟಿಕೊಂಡ ಮೇಲೆ ತಲೆಯೊಳಗೆ ಸದಾ ಮಂಜು. ಕಣ್ಣಿಗೆ ಬೀಳದ್ದು ಮನೆಯಲ್ಲೇ ಇಲ್ಲವೆಂದುಕೊಂಡು ಮತ್ತೆ ಮತ್ತೆ ಕೊಂಡು ತರುತ್ತೇನೆ. ಉಪ್ಪಿನ ಪೊಟ್ಟಣಗಳೇ ಒಂದು ರಾಶಿ ಸಿಕ್ಕವು. ಬಡಗಿ ನಕ್ಕ, ನಾನೂ ನಕ್ಕೆ. ಮಾತ್ರೆ, ಸಕ್ಕರೆ, ಬೀಗದಕೈ ಎಲ್ಲವೂ ಈಗ ಎದುರಿಗೇ ಇವೆ. ಆದರೂ ಕೂತಲ್ಲಿ ಕೂರಲಾಗದೆ, ಎದ್ದೆದ್ದು ಹೋಗಿ ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದೇನೆ.

ಕೊನೆಗೆ ಬಡಗಿ ನಿನ್ನ ಕೋಣೆಗೆ ಹೋದ. ಆಸ್ಪತ್ರೆಗೆ ಹೊರಡಲೆಂದು ನೀನು ತುಂಬಿಟ್ಟ ಚೀಲ, ನೀನು ತೀರಿಕೊಂಡ ಮೇಲೂ ಹಾಗೆಯೇ ಇರುವ ಕಪಾಟಿನ ಮುಂದೆ ನಿಂತ.

"ಇದನ್ನೂ ಬಿಚ್ಲಾ ಅಕ್ಕ? ಮುಚ್ಚಿಟ್ರೆ ಮರೆತುಹೋಗುತ್ತೆ ಅಂದ್ರಲ್ಲ."

"ಬೇಡಪ್ಪಾ," ಎಂದೆ. "ಅದನ್ನ ಮರೀಲಿ ಅಂತಾನೇ ಮುಚ್ಚಿಟ್ಟಿರೋದು. ಮರೀತಾನೇ ಇಲ್ಲ."