ಪಾದಪೂಜೆಗೆ ಮುಂಚೆ

ಕೊಳ್ಳೇಗಾಲ
ನವೆಂಬರ್ ೧೬, ಭಾನುವಾರ

ಪ್ರೀತಿಯ ಶಿವು,

ಫೋನಿನಲ್ಲಿ ಏನೇ ಹೇಳಹೊರಟರೂ ನೀನು "ಆಯ್ತಕ್ಕ, ಬಿಡಕ್ಕ" ಎಂದು ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಸೇನೆಯಿಂದ ನಿವೃತ್ತಿಯ ಕೆಲಸಗಳಿಗೆಂದು ಇನ್ನೂ ಎರಡು ವಾರ ನಿಮ್ಮ ರೆಜಿಮೆಂಟಿನ ಸೆಂಟರಿನಲ್ಲೇ ಇರುತ್ತೀಯಲ್ಲ, ಅಷ್ಟರೊಳಗೆ ಇದು ತಲುಪುತ್ತದೆ.

ನೀನು ನನಗೆ ವಹಿಸಿದ್ದು ಇಷ್ಟು. ಡಿಸೆಂಬರ್ ಒಂದರಂದು ನೀನು ಬಂದಾಗ ಅಜ್ಜೀಪುರದವರು ಮಾಡಬೇಕೆಂದಿರುವ ಪಾದಪೂಜೆಯನ್ನು ತಪ್ಪಿಸಬೇಕು. ನಿನ್ನ ಎಡಗಾಲಿನಲ್ಲಿ ಮೂರು ಬೆರಳಿಲ್ಲ ಎಂಬುದು ಅವ್ವನಿಗೆ ಗೊತ್ತಾಗಬಾರದು. ಪಾದಪೂಜೆ ತಪ್ಪಿದೆ. ಎರಡನೆಯದನ್ನು ಮುಚ್ಚಿಡಲು ನನ್ನಿಂದಾಗಲಿಲ್ಲ. ಹೇಗಾಯಿತೆಂದು ಹೇಳುತ್ತೇನೆ. ಕೋಪ ಮಾಡಿಕೊಳ್ಳುವುದಿದ್ದರೆ ಪೂರ್ತಿ ಓದಿದ ಮೇಲೆ ಮಾಡಿಕೋ.

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಮಠದ ಜಗಲಿಯ ಮೇಲೆ ಸ್ವಾಗತ ಸಮಿತಿಯ ಸಭೆ ನಡೆದಿತ್ತು. ಪುಟ್ಟಮಲ್ಲಪ್ಪನವರೇ ಅಧ್ಯಕ್ಷರು. ಹನೂರಿನಿಂದ ಊರಿನವರೆಗೆ ತೆರೆದ ಜೀಪು, ಹಿಂದೆ ಮುಂದೆ ಬೈಕುಗಳು. ಆಮೇಲೆ ಇದೇ ಜಗಲಿಯ ಮೇಲೆ ನಿನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕಾಲುಗಳನ್ನು ಹಿತ್ತಾಳೆ ಹರಿವಾಣದಲ್ಲಿ ಇರಿಸಿ, ಬೀದಿಗೊಂದು ದಂಪತಿಯಂತೆ ನೀರೆರೆದು, ವಿಭೂತಿ ಹಚ್ಚಿ, ಹೂವು ಏರಿಸುವುದು. ನಮ್ಮೂರಿನಲ್ಲಿ ಇದುವರೆಗೆ ಮಠಕ್ಕೆ ಬಂದ ಸ್ವಾಮಿಗಳಿಗಲ್ಲದೆ ಇನ್ನಾರಿಗೂ ಹೀಗೆ ಮಾಡಿದ್ದಿಲ್ಲ.

ಅವರ ಗೌರವ ಸುಳ್ಳಾಗಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು. ಪಕ್ಕದ ಮನೆಯ ಚಿಕ್ಕನಿಂಗಮ್ಮ ತನ್ನ ಮದುವೆಗೆ ತವರಿನವರು ಕೊಟ್ಟ ಹರಿವಾಣವನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜುತ್ತ ಕೂತಿದ್ದಳು. ಮೊಮ್ಮಕ್ಕಳ ನಾಮಕರಣಕ್ಕೂ ಅದನ್ನು ಇಳಿಸಿರಲಿಲ್ಲವಂತೆ.

ನಾನು ಮೊದಲು, ನಿನಗೆ ಇಂಥದ್ದೆಲ್ಲ ಸಂಕೋಚ ಎಂದೆ.

"ಸಂಕೋಚ ಇರೋನ್ಗೇ ಮಾಡ್ಬೇಕು ಕಣವ್ವ. ಇಲ್ದೋರು ಅವರೇ ಮಾಡಿಸ್ಕತಾರೆ" ಎಂದರು ಪುಟ್ಟಮಲ್ಲಪ್ಪ.

ಕಾಲು ಉಳುಕಿದೆ ಎಂದೆ.

"ಹಂಗಾರೆ ಬಿಸ್ನೀರೇ ಉಯ್ಯುವಾ ಬುಡು. ಉಪ್ಪೂ ಆಕ್ಸುವಾ."

ಎಲ್ಲರೂ ನಕ್ಕರು. ಗುರುಗಳಿಗೆ ಸಲ್ಲುವುದನ್ನು ಸಂಸಾರಿಗೆ ಮಾಡಬಹುದೇ ಎಂದು ಕೇಳಿದೆ. ಮೂಲೆಯಲ್ಲಿದ್ದ ದೊಡ್ಡಮಾದಪ್ಪ, "ಗಡಿ ಕಾಯೋನ್ಗಿಂತ ಗುರು ಬೇಕೇನವ್ವ, ನೀನು ಓದ್ದೋಳು" ಎಂದುಬಿಟ್ಟ. ನನ್ನ ಒಂದೊಂದು ನೆಪಕ್ಕೂ ಪೂಜೆ ಇನ್ನಷ್ಟು ದೊಡ್ಡದಾಗುತ್ತ ಹೋಯಿತು.

ಬೇರೆ ದಾರಿ ಕಾಣದೆ ಪುಟ್ಟಮಲ್ಲಪ್ಪನವರನ್ನು ಪಕ್ಕಕ್ಕೆ ಕರೆದು ನಿಜ ಹೇಳಿದೆ. ಬೆರಳುಗಳ ವಿಷಯ, ಬೂಟಿನ ವಿಷಯ, ಎರಡನ್ನೂ. ನೀನು ಹಿಮದ ಗಡಿಯಲ್ಲಿದ್ದ ಆ ವರ್ಷ ಅಷ್ಟು ಎತ್ತರದ ಜಾಗಕ್ಕೆ ಹೊಸ ಬೂಟು ಎಲ್ಲರಿಗೂ ಸಾಲುವಷ್ಟು ಬಂದಿರಲಿಲ್ಲ. ನಿನ್ನ ಪಾಲಿಗೆ ಬಂದದ್ದು ಹಿಂದಿನ ವರ್ಷ ಯಾರೋ ತೊಟ್ಟು ಬಿಟ್ಟ ಜೊತೆ. ಅಡಿಯ ಅಟ್ಟೆ ಬಿರುಕು ಬಿಟ್ಟಿತ್ತು, ಅಂಟು ಹಾಕಿಕೊಂಡು ನಡೆದೆ. ಹೊಸದು ಬರುವ ಮೊದಲೇ ಹಿಮ ಬಿದ್ದು ದಾರಿ ಮುಚ್ಚಿತು. "ಯಾರನ್ನೂ ದೂರಬೇಡ ಅಕ್ಕ, ಇದ್ದುದನ್ನೇ ಎಲ್ಲರೂ ಹಂಚಿಕೊಂಡು ಹಾಕಿಕೊಂಡೆವು" ಎಂದು ನೀನು ಹೇಳಿದ್ದನ್ನೂ ಬಿಡಲಿಲ್ಲ.

ಅವರು ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡರು. ನಿಜವಾದ ಕಣ್ಣೀರೇ. ಟವಲನ್ನು ಮತ್ತೆ ಹೆಗಲಿಗೇರಿಸಿ, "ಹಂಗಾರೆ ಫ್ಲೆಕ್ಸ್ ಬದ್ಲಾಯಿಸ್ಬೇಕಲ್ಲವ್ವ. ದೇಶಕ್ಕೆ ಬೆರಳು ಕೊಟ್ಟ ವೀರ ಅಂತ ಆಕುವಾ. ಕೆಳಗೆ ಎರಡು ಲೈನು ಪ್ರಾಸವಾಗಿ ನೀನೇ ಬರ್ಕೊಡು. ನಾಳೀಕೆ ಹನೂರಲ್ಲಿ ಪ್ರಿಂಟಿಗೆ ಕೊಟ್ಬುಡ್ತೀನಿ" ಎಂದರು.

ಬೂಟಿನ ವಿಷಯವನ್ನೂ ಬರೆಯಲೇ ಎಂದೆ.

"ಏ, ಅದ್ಯಾಕೆ? ಮಿಲ್ಟ್ರಿ ಮರ್ವಾದೆ ತೆಗ್ದಂಗಾಯ್ತದೆ. ಸೈನಿಕ್ರಿಗೆ ಗೌರವ ಕೊಡೋ ದಿನ ಅಂಥ ಮಾತಾಡ್ಬಾರ್ದು."

ಮನೆಗೆ ನಡೆಯುತ್ತ ಅವರ ಸಾಲನ್ನೇ ಯೋಚಿಸಿದೆ. ಕಾಲೇಜಿನಲ್ಲಿ ಪದ್ಯ ಪಾಠ ಮಾಡುವವರಿಗೆ ಇದೊಂದು ಚಟ. ನೀನು ಬೆರಳನ್ನು ಕೊಟ್ಟಿರಲಿಲ್ಲ. ಅವು ಹಿಮಕ್ಕೆ ಮರಗಟ್ಟಿ ಕಪ್ಪಗಾಗಿ, ಡಾಕ್ಟರು ತೆಗೆದಿದ್ದರು. ಕೊಟ್ಟ ಎಂದು ಬರೆದುಬಿಟ್ಟರೆ ಮುಂದೆ ಯಾರೂ ಏನನ್ನೂ ಕೇಳಬೇಕಾಗಿರುವುದಿಲ್ಲ.

ಹೇಗೂ ಮರುದಿನದೊಳಗೆ ಅದು ಫ್ಲೆಕ್ಸಿಗೆ ಹೋಗುವುದಿತ್ತು. ಮಗನ ಕಾಲಿನ ಸುದ್ದಿಯನ್ನು ಅವ್ವ ಬಸ್ ಸ್ಟಾಂಡಿನಲ್ಲಿ, ಯಾರೋ ಓದಿ ಹೇಳಿ ತಿಳಿದುಕೊಳ್ಳುವುದು ನನಗೆ ಸರಿಕಾಣಲಿಲ್ಲ. ಸಂಜೆ ಅವಳು ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಪಕ್ಕದಲ್ಲಿ ಕೂತು ಬೆರಳಿನದೂ ಬೂಟಿನದೂ ಹೇಳಿದೆ.

ಮೊರ ನಿಲ್ಲಲಿಲ್ಲ. ಯಾವ ಬೆರಳು ಎಂದು ಕೇಳಿದಳು. ಹೆಬ್ಬೆರಳು ಉಳಿದಿದೆ ಎಂದಾಗ ತಲೆಯಾಡಿಸಿದಳು. ಆಮೇಲೆ, "ಅದ್ಕಾ ಅವ್ನು ಬ್ಯಾಸ್ಗೆ ರಜದಲ್ಲೂ ಕಾಲ್ಚೀಲ ಬಿಚ್ದೆ ಇದ್ದುದ್ದು? ಮಿಲ್ಟ್ರಿಯೋರ ರೂಢಿ ಅನ್ಕಂಡಿದ್ನಲ್ಲ ನಾನು" ಎಂದಳು. ಅತ್ತಳೇ ಎಂದು ನೀನು ಕೇಳುತ್ತೀಯ. ನನ್ನೆದುರಿಗೆ ಅಳಲಿಲ್ಲ.

ಮೊರದ ಹೊಟ್ಟು ಊದಿ, "ಹಳೇ ಬೂಟು ಯಾಕ್ ಕೊಟ್ರು?" ಎಂದಳು.

ನನ್ನ ಸಹೋದ್ಯೋಗಿ, ಅರ್ಥಶಾಸ್ತ್ರದ ಶಾಂತಮೂರ್ತಿ ಬಜೆಟ್ಟಿನ ದಿನ ಸ್ಟಾಫ್ ರೂಮಿನಲ್ಲಿ ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳಿದೆ: ಸೇನೆ ಕೇಳಿದಷ್ಟು ಹಣ ಯಾವ ವರ್ಷವೂ ಸಿಗುವುದಿಲ್ಲ, ಸಿಕ್ಕಿದ್ದರಲ್ಲಿ ದೊಡ್ಡ ಪಾಲು ಸಂಬಳಕ್ಕೆ, ಪಿಂಚಣಿಗೆ, ವಿಮಾನದಂಥ ದೊಡ್ಡ ಸಾಮಾನಿಗೆ, ಬೂಟಿನಂಥ ಚಿಲ್ಲರೆಯದು ಹಿಂದೆ ಬೀಳುತ್ತದೆ ಎಂದು. ಪೂರ್ತಿ ಕೇಳಿಸಿಕೊಂಡಳು.

"ಅಷ್ಟು ದೊಡ್ಡ ಲೆಕ್ಕದೊಳಗೆ ಒಂದ್ ಜೊತೆ ಬೂಟು ಇಡಿಸ್ಲಿಲ್ವಾ?"

ನಾನು ಮೊರದಿಂದ ಚೆಲ್ಲಿದ ಕಾಳುಗಳನ್ನು ಆರಿಸತೊಡಗಿದೆ.

ಬೆಳಿಗ್ಗೆ ಅವಳು ಒಗೆದ ಸೀರೆ ಉಟ್ಟುಕೊಂಡು ಮಠದ ಕಡೆ ಹೊರಟಳು. ನಾನೂ ಹಿಂದೆ ಹೋದೆ. ಪುಟ್ಟಮಲ್ಲಪ್ಪ ಹನೂರಿಗೆ ಹೋಗಲು ಬೈಕು ತೆಗೆಯುತ್ತಿದ್ದರು.

"ಲೋ ಪುಟ್ಟಮಲ್ಲ, ನನ್ ಮಗನ ಕಾಲ್ ತೊಳೀತೀಯಂತಲ್ಲ?"

"ಊ ಕಣ್ ಚನ್ನಾಜಮ್ಮೋರೆ. ಅದು ಊರಿನ್ ಪುಣ್ಯ."

"ತೊಳಿಯಕ್ ಮುಂಚೆ, ಆ ಕಾಲ್ಗೆ ಏನ್ ತೊಡಿಸಿದ್ರು ಅಂತ ಕೇಳಿದ್ಯಾ?"

"ನಿಮ್ ಮಗ್ಳು ನಾಗು ಹೇಳುದ್ಲು..."

"ಹೇಳಿದ್ರೆ ಅದ್ನೂ ಬರ್ಸು ನಿನ್ ಫ್ಲೆಕ್ಸಲ್ಲಿ. ಬರ್ಸುದ್ರೆ ತೊಳಿ. ಇಲ್ದಿದ್ರೆ ಅವನ್ ಕಾಲು ಮುಟ್ಬ್ಯಾಡ."

ಜಗಲಿಯಲ್ಲಿದ್ದ ದೊಡ್ಡಮಾದಪ್ಪ, ಅವೆಲ್ಲ ಮೇಲಿನವರ ವಿಚಾರ, ನಮಗ್ಯಾಕೆ ಎಂದ.

"ಕಾಲೂ ಮ್ಯಾಲಿನೋರ್ದಾ?" ಎಂದಳು ಅವ್ವ.

ಬೈಕು ಸದ್ದು ಮಾಡುತ್ತಲೇ ನಿಂತಿತ್ತು. ಅವ್ವ ತಿರುಗಿ ನಡೆದಳು. ಇಡೀ ಬೀದಿ ಅವಳನ್ನು ನೋಡುತ್ತಿತ್ತು. ಅವಳು ಯಾರನ್ನೂ ನೋಡಲಿಲ್ಲ.

ಬುಧವಾರ ಸಮಿತಿಯವರು ಹೇಳಿ ಕಳಿಸಿದರು. ಜೀಪು ಇರುತ್ತದೆ, ಹಾರ ಇರುತ್ತದೆ, ಪಾದಪೂಜೆ ಇಲ್ಲ. ಫ್ಲೆಕ್ಸಿನಲ್ಲಿ ನಿನ್ನ ಫೋಟೋ, ಹೆಸರು, ಸುಸ್ವಾಗತ ಅಷ್ಟೆ. ಪ್ರಾಸದ ಎರಡು ಸಾಲು ನಾನು ಬರೆದುಕೊಡಲಿಲ್ಲ. ಅವ್ವನಿಗೆ ತಲೆ ಕೆಟ್ಟಿದೆ ಎಂದವರೂ ಇದ್ದಾರೆ, ದೇಶದ ಮೇಲೆ ಭಕ್ತಿಯಿಲ್ಲ ಎಂದವರೂ ಇದ್ದಾರೆ. ಅವಳಿಗೆ ಎರಡೂ ತಲುಪಿವೆ.

ಯಳಂದೂರಿಗೆ ಫೋನ್ ಮಾಡಿ ನಿನ್ನ ಹೆಂಡತಿಗೂ ಹೇಳಿದೆ. ಮೀನಾ, "ಸದ್ಯ ಅತ್ತಿಗೆ, ಇನ್ನು ಅತ್ತೆ ಮುಂದೆ ಸುಳ್ಳು ಹೇಳೋದು ತಪ್ತು" ಎಂದಳು. ತವರಿನಿಂದ ಮುಂದಿನ ವಾರವೇ ಅಜ್ಜೀಪುರಕ್ಕೆ ಬರುತ್ತಾಳಂತೆ.

ನೀನು ಜೀಪು ಹತ್ತುತ್ತೀಯೋ, ಕೊಳ್ಳೇಗಾಲದಲ್ಲೇ ಇಳಿದು ಸದ್ದಿಲ್ಲದೆ ಬರುತ್ತೀಯೋ, ನಿನಗೆ ಬಿಟ್ಟದ್ದು. ಆ ಬೂಟಿನ ಮಾತನ್ನು ಊರಿನ ಮುಂದೆ ಆಡುವುದೂ ಬಿಡುವುದೂ ನಿನ್ನದೇ. ಇಷ್ಟು ವರ್ಷ ಆ ಸಮವಸ್ತ್ರ ತೊಟ್ಟವನು ನೀನು. ನನ್ನ ಸಿಟ್ಟನ್ನು ನಿನ್ನ ಬಾಯಲ್ಲಿ ಹೇಳಿಸುವುದು ನ್ಯಾಯವಲ್ಲ. ಅವ್ವ ಮಾತ್ರ ಒಂದನ್ನು ಬರೆ ಎಂದಿದ್ದಾಳೆ. ದೂರದಿಂದ ಬಂದವರಿಗೆಲ್ಲ ಇಡುವಂತೆ ಬಾಗಿಲಲ್ಲಿ ಒಂದು ಚೆಂಬು ನೀರು ಇಟ್ಟಿರುತ್ತಾಳೆ. ಕಾಲುಚೀಲ ಬಿಚ್ಚಿ, ನೀನೇ ತೊಳೆದುಕೊಂಡು ಒಳಗೆ ಬರಬೇಕಂತೆ.

ನಿನ್ನ ಅಕ್ಕ,
ನಾಗಶ್ರೀ

ಮತ್ತೆ ಸೇರಿಸಿದ್ದು: ಲಕೋಟೆ ಅಂಟಿಸುವ ಮೊದಲೇ ಪುಟ್ಟಮಲ್ಲಪ್ಪ ಕೊಳ್ಳೇಗಾಲದ ನಮ್ಮ ಮನೆಗೆ ಬಂದರು. ಬೀಗರ ಮನೆಗೆ ಬಂದಿದ್ದೆ, ಹಂಗೇ ಬಂದೆ ಎಂದರು. ಕಾಫಿ ಕುಡಿದರು, ಮಳೆಯ ಮಾತಾಡಿದರು. ಹೊರಡುವಾಗ ಹೊಸಿಲ ಮೇಲೆ ನಿಂತು, ತಮ್ಮ ಕಿರಿಮಗ ಸ್ವಾಮಿ ಸೇನಾ ಭರ್ತಿಯಲ್ಲಿ ಆಯ್ಕೆಯಾಗಿದ್ದಾನೆ ಎಂದರು. "ಹಿಮದಲ್ಲಿ ಆಕೋ ತರದ್ ಬೂಟು ಮೈಸೂರಲ್ಲಿ ಸಿಕ್ತದಾ, ಶಿವೂನ ಒಂದ್ ಮಾತು ಕೇಳವ್ವ. ಊರಲ್ಲಿ ಯಾರ್ಗೂ ಹೇಳ್ಬ್ಯಾಡ" ಎಂದು ಜೇಬಿನಿಂದ ಒಂದು ದಾರ ತೆಗೆದು ಕೊಟ್ಟರು. ಮಗ ಮಲಗಿದ್ದಾಗ ಅವನ ಪಾದದ ಅಳತೆ ಹಿಡಿದು ಎರಡೂ ತುದಿಗೆ ಗಂಟು ಹಾಕಿದ್ದಾರೆ. ಆ ದಾರವನ್ನು ಈ ಲಕೋಟೆಯೊಳಗೇ ಇಟ್ಟಿದ್ದೇನೆ.