ಮಡಚದ ಮೊಣಕಾಲು

ಸೋಲಾಪುರ, ೧೯೯೬

ಅಪ್ಪಾ,

ನೀನು ತೀರಿಕೊಂಡು ಆರು ವರ್ಷವಾಯಿತು, ಈ ಕಾಗದ ಎಲ್ಲಿಗೂ ಹೋಗುವುದಿಲ್ಲ. ಆದರೂ ನಿನಗೆ ಹೇಳದೆ ಹೇಗಿರಲಿ? ಇವತ್ತು ನನ್ನ ಮಾತು ಖರೆ ಆಯಿತು!

ಅಕ್ಕಲಕೋಟದಲ್ಲಿ ಹುಲೆಪ್ಪ ಪೈಲವಾನನಿಗೂ ಕಂದಲಗಾಂವದ ಶಿವರುದ್ರನಿಗೂ ಕುಸ್ತಿ ಇತ್ತು. ಇಬ್ಬರಿಗೂ ಐವತ್ತು ದಾಟಿದೆ, ಇಬ್ಬರದೂ ಕ್ವಿಂಟಲ್ ಮೈ. ನಮ್ಮ ಮಗ್ಗದ ಕಾರ್ಖಾನೆಯವರೆಲ್ಲ ಆನೆಯಂಥ ಹುಲೆಪ್ಪನೇ ಗೆಲ್ಲುತ್ತಾನೆ ಎಂದರು. ನೀನು ಕಲಿಸಿದ್ದು ನೆನಪಿತ್ತು, ನಾನು ಎದೆ, ತೋಳು ನೋಡಲಿಲ್ಲ. ಕೈ ಮಿಲಾಯಿಸುವ ಮೊದಲು ಕಣದ ಮಣ್ಣು ತೆಗೆದುಕೊಳ್ಳಲು ಹೇಗೆ ಬಾಗುತ್ತಾರೆಂದು ನೋಡಿದೆ. ಹುಲೆಪ್ಪ ಎಡ ಮೊಣಕಾಲು ಮಡಚಲೇ ಇಲ್ಲ, ಸೊಂಟದಿಂದ ಬಾಗಿದ.

"ಹುಲೆಪ್ಪ ಸೋಲ್ತಾನ! ಶಿವರುದ್ರ ಎಡಗಾಲಿಗೇ ಕೈ ಹಾಕ್ತಾನ ನೋಡ್ರಿ, ಐದ ಮಿನಿಟಿನ್ಯಾಗ ಚಿತ್!" ಎಂದು ಕೂಗಿದೆ.

"ಸುಭದ್ರಾ ಅಕ್ಕಾರ, ಕುಸ್ತಿ ನಿಮಗೇನ್ ತಿಳೀತದ್ರಿ?" ಎಂದು ಗುಮಾಸ್ತ ನಾಗೇಶ ನಕ್ಕ.

ನಾಲ್ಕನೆಯ ನಿಮಿಷಕ್ಕೆ ಶಿವರುದ್ರ ಅದೇ ಕಾಲು ಹಿಡಿದು ಎತ್ತಿದ. ಹುಲೆಪ್ಪನ ಬೆನ್ನು ಮಣ್ಣಿಗೆ ಬಿತ್ತು. ಎದ್ದು ನಿಂತು ಶಿಳ್ಳೆ ಹೊಡೆದೆ ಅಪ್ಪಾ! ನಾಗೇಶ ಬಾಯಿ ತೆರೆದುಕೊಂಡು ನೋಡಿದ.

ನನಗೆ ಹತ್ತು ವರ್ಷವಿದ್ದಾಗ, ನಿನ್ನ ಕೊನೆಯ ಕುಸ್ತಿಯ ಬೆಳಿಗ್ಗೆ, ಹಾಲಿನ ಚರಿಗೆ ಎತ್ತಲು ನೀನೂ ಹಾಗೇ ಮೊಣಕಾಲು ಮಡಚದೆ ಬಾಗಿದ್ದೆ.

"ಯಾರ್ ಗೆಲ್ತಾರ ಹೇಳ ಮಗಳ?" ಎಂದು ನೀನು ಕೇಳಿದೆ.

"ನೀ ಸೋಲ್ತಿ ಅಪ್ಪಾ" ಎಂದು ನಾನು ಹೇಳಿದೆ.

ಅವತ್ತೂ ನನ್ನ ಮಾತು ಖರೆ ಆಯಿತು. ಆಮೇಲೆ ನೀನು ಎಂದೂ ಕೇಳಲಿಲ್ಲ.

ಇವತ್ತು ಹುಲೆಪ್ಪ ಮೈಮೇಲಿನ ಮಣ್ಣು ಕೊಡವಿಕೊಳ್ಳುತ್ತ ಎದ್ದ. ಜನ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು. ನಾನು ಮಾತ್ರ ಅವನ ಮಗಳು ಬಂದಿದ್ದಾಳೇನೋ ಎಂದು ಗುಂಪಿನಲ್ಲಿ ಹುಡುಕುತ್ತಿದ್ದೆ.