ಹಸಿರು ನಾಲ್ಕು

ಮಾರ್ಚ್ 3, ಸೋಮವಾರ

ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಇವತ್ತೂ ಅದೇ ಕಸ. ಮಕ್ಕಳ ಹೆಸರಿನ ಜೊತೆ ಸ್ಟಾರು, ಹ್ಯಾಶು, ಬ್ರಾಕೆಟ್ಟು... ಕೌಂಟರ್‌ನವರ ಬೆರಳಿಗೆ ಸಿಕ್ಕಿದ್ದೆಲ್ಲ. ಒಂದೇ ಮಗುವಿಗೆ ಮೂರು ದಾಖಲೆ. ಸೂಪರಿಂಟೆಂಡೆಂಟ್ ಮೇಡಂ ಬೆಳಿಗ್ಗೆಯಿಂದ ತಲೆ ತಿಂದರು — "ಸ್ಪೆಷಲ್ ಕ್ಯಾರೆಕ್ಟರ್ ಒಂದೂ ಒಳಗೆ ಬರಬಾರ್ದು." ರೂಲ್ ಬರೆದೆ. ಅಕ್ಷರ, ಅಂಕಿ, ಖಾಲಿ ಜಾಗ, ಚುಕ್ಕಿ. ಇಷ್ಟೇ ಒಳಗೆ. ಉಳಿದದ್ದು ಸೇವ್ ಆಗುವಾಗ ತಾನಾಗಿ ಉದುರುತ್ತದೆ. ತಪ್ಪು ಎಂದು ತೋರಿಸುವುದಿಲ್ಲ. ತೋರಿಸಿದರೆ ಕೌಂಟರ್‌ನವರು ನನ್ನ ಮೇಲೆ ಹಾರಾಡುತ್ತಾರೆ. ಒಂದೊಂದು ಕಾಲಂಗೆ ಒಂದೊಂದು ರೂಲ್ ಯಾರು ಬರೆಯುತ್ತಾರೆ — ಇಡೀ ಆಸ್ಪತ್ರೆಯ ಫಾರಂಗಳಿಗೆ ಒಂದೇ ಸಲ ಹಾಕಿಬಿಟ್ಟೆ. ಆರು ಹೆಸರು ಹಾಕಿ ನೋಡಿದೆ, ಸರಿ ಬಂತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಾರ್ಚ್ 5

ಕೆಳಗೆ ಲಸಿಕೆ ಕೋಣೆಗೆ ಹೋಗಿದ್ದೆ. ಸ್ಟೋರ್‌ಕೀಪರ್ — ಎಲ್ಲರಿಗೂ ದೊಡ್ಡಪ್ಪ — ಫ್ರಿಜ್ಜಿನ ಉಷ್ಣತೆಯನ್ನು ಇನ್ನೂ ಪೆನ್ಸಿಲ್ಲಿನಲ್ಲಿ ಪುಸ್ತಕಕ್ಕೆ ಬರೆದು ಆಮೇಲೆ ಕಂಪ್ಯೂಟರಿಗೆ ಹಾಕುತ್ತಾರೆ. ದಿನಕ್ಕೆ ಎರಡು ಸಲ. ಎರಡರಿಂದ ಎಂಟು ಡಿಗ್ರಿ ಇದ್ದರೆ ಪರದೆ ಹಸಿರು. ಇಲ್ಲದಿದ್ದರೆ ಕೆಂಪು, ಆ ಲಸಿಕೆ ಯಾರಿಗೂ ಕೊಡುವಂತಿಲ್ಲ.

"ಪುಸ್ತಕ ಬಿಡಿ ದೊಡ್ಡಪ್ಪ. ಕಂಪ್ಯೂಟರ್ ಇದೆಯಲ್ಲ."

"ಅದಕ್ಕೆ ಮರೆವು ಬಂದ್ರೆ ಮಗಳೇ?"

"ಅದಕ್ಕೆ ಬರಲ್ಲ. ನಿಮಗೆ ಬರುತ್ತೆ."

ನಕ್ಕರು. ಪೆನ್ಸಿಲ್ ಡ್ರಾಯರ್ ಸೇರಿತು.

ಮಾರ್ಚ್ 19

ತಂಗಿಯ ಮಗುವಿಗೆ ನಾಯಿಕೆಮ್ಮಿನ ಲಸಿಕೆಯ ಮೊದಲ ಸೂಜಿ. ಎರಡು ತಿಂಗಳ ಕೂಸು. ಅವಳ ಗಂಡ ಹಿಂದೆಮುಂದೆ ನೋಡುತ್ತಿದ್ದ, ನಾನಿದ್ದೀನಲ್ಲ ಎಂದು ನಾನೇ ಕರೆಸಿದ್ದು. ತೊಡೆ ಹಿಡಿದುಕೊಂಡೆ. ಕಿರುಚಿತು. "ಮಗು ಸುಮ್ಮನಾಯ್ತು, ಇನ್ನು ನೀನು ಕಣ್ಣು ಒರೆಸ್ಕೊ ಅಕ್ಕ" ಎಂದು ರೇಗಿಸಿದಳು.

ಏಪ್ರಿಲ್ 22, ಮಧ್ಯಾಹ್ನ

ದೊಡ್ಡಪ್ಪ ಮೆಟ್ಟಿಲು ಹತ್ತಿ ಮೇಲೆ ಬಂದರು. ಮಂಡಿ ನೋವಿನ ಮನುಷ್ಯ, ಎಂದೂ ಬಂದವರಲ್ಲ.

"ಮಗಳೇ, ಬೆಳಿಗ್ಗೆ ಮೀಟರ್ ಮೈನಸ್ ನಾಲ್ಕು ತೋರಿಸ್ತು. ಹಾಗೇ ಹಾಕಿದೆ. ಪರದೆ ಹಸಿರು ಅಂತು."

"ಮೊದಲೂ ಹೀಗಾಗಿತ್ತಾ?"

"ಮೂರ್ನಾಲ್ಕು ಸಲ. ಮೀಟರ್ ಹಳೇದು, ಅದೇ ಹುಚ್ಚಾಟ ಆಡ್ತಿದೆ ಅಂದ್ಕೊಂಡೆ. ಇವತ್ತು ಬಾಟ್ಲಿ ಮುಟ್ಟಿ ನೋಡಿದೆ. ಮಂಜುಗಡ್ಡೆ."

ಮೈನಸ್ ನಾಲ್ಕು ಟೈಪ್ ಮಾಡಿ ನೋಡಿದೆ. ಸೇವ್ ಆದದ್ದು ನಾಲ್ಕು. ಮೈನಸ್ ಗೆರೆ ನನ್ನ ಪಟ್ಟಿಯಲ್ಲಿರಲಿಲ್ಲ, ಉದುರಿತ್ತು. ಹೆಪ್ಪುಗಟ್ಟಿ ಕರಗಿದ ಲಸಿಕೆಯಲ್ಲಿ ಶಕ್ತಿ ಇರುವುದಿಲ್ಲ. ನೋಡಲು ಹಾಗೇ ಇರುತ್ತದೆ, ಚುಚ್ಚಿದರೆ ನೋವೂ ಅಷ್ಟೇ.

"ಯಾವ ಯಾವ ದಿನ ದೊಡ್ಡಪ್ಪ?"

"ಪುಸ್ತಕ ಇದ್ದಿದ್ರೆ ಹೇಳ್ತಿದ್ದೆ."

ಬೈದು ಹೇಳಿದ್ದಲ್ಲ. ಬೈದಿದ್ದರೆ ವಾಸಿಯಿತ್ತು. ಮಾರ್ಚ್ 5ರಿಂದ ಅರವತ್ತೊಂದು ಸಲ ನಾಲ್ಕು ದಾಖಲಾಗಿದೆ. ಯಾವುದು ನಿಜವಾದ ನಾಲ್ಕೋ... ಗೊತ್ತಾಗುವ ದಾರಿಯೇ ಇಲ್ಲ.

ಏಪ್ರಿಲ್ 23

ಉಷ್ಣತೆಯ ಕಾಲಂಗೆ ಬೇರೆ ರೂಲ್ ಹಾಕಿದೆ. ಮೈನಸ್ಸನ್ನು ಒಳಗೆ ಬಿಡುತ್ತದೆ, ಬೇರೇನಾದರೂ ಬಂದರೆ ನಿಲ್ಲಿಸಿ ಕೇಳುತ್ತದೆ. ಹತ್ತು ನಿಮಿಷದ ಕೆಲಸ. ಬರೀ ಹತ್ತು ನಿಮಿಷ.

ರೂಲ್ ನನ್ನದು ಎಂದು ಮೇಡಂ ಎದುರು ಹೇಳಿದೆ. ಅವರು ಕೂಗಾಡಲಿಲ್ಲ. "ಪಟ್ಟಿ ತೆಗಿ. ಒಂದು ಮಗೂನೂ ಬಿಡದೆ ಕರೆಸು. ಮತ್ತೆ ಹಾಕೋಣ." 214 ಮಕ್ಕಳು. ಫೋನ್ ಹಿಡಿದು ಕೂತೆ. ಒಬ್ಬ ತಾಯಿ — "ಹಾಗಾದ್ರೆ ಇಷ್ಟು ದಿನ ನನ್ ಮಗೂಗೆ ಏನೂ ಕಾವಲೇ ಇರ್ಲಿಲ್ವಾ?" ಇರಲಿಲ್ಲ ಎಂದೆ. ಕೇಳಿ ಫೋನ್ ಇಟ್ಟುಬಿಟ್ಟಳು.

137ನೇ ಸಾಲಿನಲ್ಲಿ ತಂಗಿ. ಸಂಜೆ ಮನೆಗೇ ಹೋಗಿ ಹೇಳೋಣ ಎಂದು ಬಿಟ್ಟು ಮುಂದಿನ ಸಾಲಿಗೆ ಹೋದೆ.

ಏಪ್ರಿಲ್ 24

190 ಆಯಿತು. ತಂಗಿಯ ಮನೆಗೆ ಹೋಗಲಿಲ್ಲ. ಬೇರೆಯವರಿಗೆಲ್ಲ ಹೇಳಿದವಳು ಅವಳ ನಂಬರ್ ಬಂದರೆ ಕೆಳಗಿನ ಸಾಲಿಗೆ ಜಾರುತ್ತೇನೆ. ನನಗೆ ನಾಚಿಕೆ. ಅಷ್ಟೇ, ಬೇರೇನೂ ಕಾರಣವಿಲ್ಲ.

ದೊಡ್ಡಪ್ಪ ಮತ್ತೆ ಪುಸ್ತಕ ತೆಗೆದಿದ್ದಾರೆ. ತಲೆ ಎತ್ತದೆ ಕೇಳಿದರು — "ತಂಗಿ ಮಗೂನ ಕರೆಸಿದ್ಯಾ?"

ಹೂಂ ಎಂದೆ.

ಏಪ್ರಿಲ್ 26, ಬೆಳಿಗ್ಗೆ 9.10

ನಿನ್ನೆಗೆ 213. ಒಂದು ಉಳಿದಿತ್ತು. ಅದೇ ಫೋನ್ ಮಾಡಿತು.

"ಅಕ್ಕಾ, ಪುಟ್ಟಂಗೆ ಎರಡು ದಿನದಿಂದ ಕೆಮ್ಮು. ಕೆಮ್ಮಿ ಕೆಮ್ಮಿ ಮುಖ ನೀಲಿ ಆಗುತ್ತೆ. ನಾಯಿಕೆಮ್ಮಾ ಅಂತ ಇವರು ಹೆದರ್ಕೊಂಡಿದಾರೆ. ನಾನೇ ಬೈದೆ — ಲಸಿಕೆ ಹಾಕ್ಸಿದೀವಲ್ಲ, ಅಕ್ಕನೇ ನಿಂತು ಹಾಕ್ಸಿದ್ದು ಅಂತ. ಅಲ್ವಾ ಅಕ್ಕ?"

ಈಗಲೇ ಕರೆದುಕೊಂಡು ಬಾ ಎಂದೆ. ಲಸಿಕೆ ಕೆಟ್ಟಿದ್ದನ್ನು ಆಗಲೂ ಹೇಳಲಿಲ್ಲ.

9.40

ಗೇಟಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಮಕ್ಕಳ ಡಾಕ್ಟರಿಗೆ ಹೇಳಿ ಬಂದೆ, ಹಾಸಿಗೆ ಸಿದ್ಧವಿದೆ. ದೊಡ್ಡಪ್ಪನಿಗೂ ಹೇಳಿದೆ, ಮೊನ್ನೆ ಸುಳ್ಳು ಹೇಳಿದೆ ಎಂದು. ಜೊತೆಗೇ ಬಂದು ಪಕ್ಕದಲ್ಲಿ ನಿಂತಿದ್ದಾರೆ. ತಂಗಿಗೆ ಬುಧವಾರವೇ ಹೇಳಿದ್ದರೆ ಮೊದಲ ಕೆಮ್ಮಿಗೇ ಓಡಿ ಬರುತ್ತಿದ್ದಳು. ಆ ಎರಡು ದಿನ ತಿಂದದ್ದು ರೂಲ್ ಅಲ್ಲ, ನಾನು.

ಟ್ಯಾಕ್ಸಿ ನಿಂತಿತು. ತಂಗಿ ಇಳಿಯುತ್ತಿದ್ದಾಳೆ. ಕೆಮ್ಮು ಇಲ್ಲಿಗೇ ಕೇಳಿಸುತ್ತಿದೆ. ಡಾಕ್ಟರಿಗಿಂತ ಮೊದಲು ನಾನೇ ಅವಳಿಗೆ —